ಎತೆಲ್ಕಳ ಹೆಬ್ಬಾತಿನ ದಿಂಬು

ತೀಸಾ ನದಿಯಾಚೆಯ ಬಯಲಿನಲ್ಲಿರುವ ನಮ್ಮೂರಿನಲ್ಲಿ ಎತೆಲ್ಕಳಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿರಲಿಲ್ಲ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಒಂದೊಂದು ಮೊಟ್ಟೆಯನ್ನೂ ನೀರಿನಲ್ಲಿ ಮುಳುಗಿಸಿ ನೋಡದೆ ಒಡೆದವಳಲ್ಲ. ಅಂಗಡಿಯ ಮೆಣಸಿನಕಾಯಿ ಪುಡಿಯಲ್ಲಿ ಇಟ್ಟಿಗೆ ಪುಡಿ ಇರುತ್ತದೆಂದು ಮೆಣಸಿನಕಾಯಿಯನ್ನು ತಾನೇ ಒಣಗಿಸಿ ಕುಟ್ಟಿಕೊಳ್ಳುತ್ತಿದ್ದಳು. ನೆರೆಯವರು ಒಂದು ತಟ್ಟೆ ಕಡುಬು ಕೊಟ್ಟು ಕಳಿಸಿದರೆ, ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಯೋಚಿಸುತ್ತ ತಿನ್ನುತ್ತಿದ್ದಳು.

ಅವಳು ಅನುಮಾನಿಸದೆ ನಂಬಿದ ವಸ್ತು ಒಂದೇ ಒಂದು: ತಾಯಿ ಬಳುವಳಿಯಾಗಿ ಕೊಟ್ಟ ದಿಂಬು. "ಅಪ್ಪಟ ಹೆಬ್ಬಾತಿನ ತುಪ್ಪುಳ. ಒಂದೇ ಒಂದು ಕೋಳಿಗರಿ ಇಲ್ಲ. ಇದರ ಹೊಲಿಗೆ ಮಾತ್ರ ಯಾವತ್ತೂ ಬಿಚ್ಚಬೇಡ" ಎಂದು ತಾಯಿ ಹೇಳಿ ಕೊಟ್ಟಿದ್ದಳು. ಕೋಳಿಗರಿಯ ಮಾತು ಸಣ್ಣದಲ್ಲ. ಕೋಳಿಗರಿ ಇರುವ ದಿಂಬಿನ ಮೇಲೆ ಜೀವ ಹೋಗುವುದಿಲ್ಲವೆಂದು ನಮ್ಮ ಕಡೆಯವರ ನಂಬಿಕೆ. ಹಾಸಿಗೆ ಹಿಡಿದವರು ದಿನಗಟ್ಟಲೆ ಒದ್ದಾಡುತ್ತಿದ್ದರೆ, ಜೀವ ಸಲೀಸಾಗಿ ಹೋಗಲೆಂದು ಮನೆಯ ಹಿರಿಯ ಹೆಂಗಸು ಬಂದು ತಲೆಯ ಅಡಿಯಿಂದ ದಿಂಬನ್ನು ಮೆಲ್ಲನೆ ಎಳೆದು ತೆಗೆಯುತ್ತಿದ್ದಳು. ಕೋಳಿಗರಿಯ ದಿಂಬನ್ನು ಮಗಳಿಗೆ ಕೊಡುವ ತಾಯಿ ಇರುತ್ತಾಳೆಯೇ?

ಅರವತ್ತಮೂರನೆಯ ವಯಸ್ಸಿನಲ್ಲಿ ಎತೆಲ್ಕಳ ಕತ್ತು ಹಿಡಿದುಕೊಂಡಿತು. ಬೆಳಗಾದರೆ ತಲೆ ತಿರುಗಿಸಲಾಗದು. ಗಂಡ ಅಂಬ್ರುಶ್ ಅವಳನ್ನು ಪಟ್ಟಣದ ವೈದ್ಯರ ಬಳಿಗೆ ಕರೆದೊಯ್ದ. ವೈದ್ಯರು ಕತ್ತನ್ನು ಒತ್ತಿ ನೋಡಿದರು.

"ನಿಮ್ಮ ದಿಂಬು ತುಂಬ ಎತ್ತರ ಅಮ್ಮಾ. ಮಗ್ಗುಲಾಗಿ ಮಲಗೋರಾದ್ರೆ ಕಿವಿಗೂ ಭುಜಕ್ಕೂ ನಡುವಿನ ಸಂದು ತುಂಬೋಷ್ಟು ದಪ್ಪ ಬೇಕು. ನೀವು ಅಂಗಾತ ಮಲಗೋರು. ನಿಮಗೆ ತಗ್ಗಾಗಿರ್ಬೇಕು, ಸ್ವಲ್ಪ ಗಟ್ಟಿಯಾಗಿರ್ಬೇಕು."

ಬಸ್ಸಿನಲ್ಲಿ ಕುಳಿತ ಮೇಲೆ ಅವಳು ಕೇಳಿದಳು. "ನಾನು ಅಂಗಾತ ಮಲಗೋದು ಆ ಡಾಕ್ಟರಿಗೆ ಯಾರು ಹೇಳಿದ್ದು?"

"ಕತ್ತು ನೋಡಿ ಹೇಳ್ತಾರೆ ಕಣೆ."

"ನೀವೇ ಹೇಳಿರ್ಬೇಕು."

"ನಾನು ಹೇಳೋದಾಗಿದ್ರೆ ನಿನ್ನ ಗೊರಕೆ ವಿಷಯಾನೂ ಹೇಳಿರ್ತಿದ್ದೆ."

ಬಸ್ಸು ಹತ್ತುವ ಮೊದಲೇ ಪಟ್ಟಣದ ಅಂಗಡಿಯಲ್ಲಿ ಆರು ದಿಂಬುಗಳನ್ನು ಒತ್ತಿ, ಮೂಸಿ, ಕಿವಿಯ ಬಳಿ ಹಿಡಿದು ಅಲುಗಾಡಿಸಿ ನೋಡಿ ಬಂದಿದ್ದಳು. ಸ್ಪಂಜಿನ ದಿಂಬಿನ ಬಗ್ಗೆ ಅವಳ ಅಭಿಪ್ರಾಯ ಇಷ್ಟೇ: "ತಲೆ ಇಟ್ರೆ ವಾಪಸ್ ತಳ್ಳುತ್ತೆ. ಬೇಡದವರ ಮನೆಗೆ ಹೋದ ಹಾಗೆ."

ತಾಯಿಯ ದಿಂಬನ್ನೇ ತೆಳ್ಳಗೆ ಮಾಡಿಸುವುದೊಂದೇ ದಾರಿ ಉಳಿಯಿತು. ಪ್ರತಿ ವಸಂತದಲ್ಲೂ ಗರಿ ತೊಳೆಯುವ ಯಂತ್ರದ ಲಾರಿ ಸಂತೆಯ ಬಯಲಿಗೆ ಬರುತ್ತಿತ್ತು. ಹಳೆಯ ದಿಂಬನ್ನು ಬಿಚ್ಚಿ, ಗರಿಗಳಿಗೆ ಹಬೆ ಹಾಯಿಸಿ, ಗಾಳಿ ಊದಿ ಧೂಳು ತೆಗೆದು, ಹೊಸ ಗವಸಿಗೆ ತುಂಬಿ ಕೊಡುತ್ತಿದ್ದರು. ಹೆಬ್ಬಾತಿನ ತುಪ್ಪುಳ ನುಂಗಿ ಕೋಳಿಗರಿ ಉಗುಳುವ ಯಂತ್ರ ಅದು ಎಂದು ಊರ ಹೆಂಗಸರು ಆಡಿಕೊಳ್ಳುತ್ತಿದ್ದರು.

ಎತೆಲ್ಕ ಸಿದ್ಧತೆ ಮಾಡಿಕೊಂಡೇ ಹೋದಳು. ತಾಯಿಯ ಮಾತನ್ನು ಮೀರಿ ದಿಂಬಿನ ಒಂದು ಮೂಲೆಯನ್ನು ಎರಡು ಬೆರಳಿನಷ್ಟು ಬಿಚ್ಚಿ, ಒಂದು ಹಿಡಿ ತುಪ್ಪುಳ ತೆಗೆದು, ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ಒಣಗಿಸಿ, ಮತ್ತೆ ಒಳಗೆ ಸೇರಿಸಿ ಹೊಲಿದಳು. ಗುರುತು ಆಯಿತು. ಒಂದು ಮಣೆಯನ್ನೂ ಹೊತ್ತುಕೊಂಡು ಹೋಗಿ ಯಂತ್ರದ ಎದುರಿಗೆ ಹಾಕಿಕೊಂಡು ಕುಳಿತಳು.

ಲಾರಿಯ ಯಜಮಾನ ಕಾಲ್ಮಾನ್ ಗಿಡ್ಡ ಮನುಷ್ಯ. ಅವನ ಹುಬ್ಬಿನ ಮೇಲೂ ತುಪ್ಪುಳ ಅಂಟಿಕೊಂಡಿತ್ತು.

"ಮೊದಲು ಒಳಗೆ ನೋಡ್ಬೇಕು," ಎಂದಳು ಎತೆಲ್ಕ.

"ನೋಡಿ ಅಮ್ಮಾ. ಬೇಕಾದ್ರೆ ಒಳಗೇ ಹೋಗಿ ಕೂತ್ಕೊಳ್ಳಿ, ನಿಮಗೂ ಒಂದು ಸುತ್ತು ಹಬೆ ಕೊಡ್ತೀನಿ."

ಅವಳು ನಗಲಿಲ್ಲ. ಯಂತ್ರದ ಪೀಪಾಯಿಯೊಳಗೆ ತಲೆ ಹಾಕಿ, ಮೂಲೆಮೂಲೆಗೂ ಕೈಯಾಡಿಸಿ, ಒಂದೆಳೆ ಗರಿಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ದಿಂಬನ್ನು ಕೊಟ್ಟಳು.

ಯಂತ್ರ ತಿರುಗಿತು. ಗಾಜಿನ ಕಿಂಡಿಯಲ್ಲಿ ಬಿಳಿಯ ತುಪ್ಪುಳ ಸುಳಿಯಿತು. ನಡುವೆ ನೀಲಿಯ ಚುಕ್ಕೆಗಳೂ ಹಾರಿದವು. ಎತೆಲ್ಕ ಉಸಿರು ಬಿಟ್ಟಳು. ಅಷ್ಟರಲ್ಲಿ ಕಿಂಡಿಗೆ ಏನೋ ಕಂದು ಬಣ್ಣದ್ದು ಬಂದು ಅಂಟಿತು. ಇನ್ನೊಂದು. ಮತ್ತೂ ನಾಲ್ಕು. ಪಟ್ಟೆಪಟ್ಟೆಯ ಗರಿಗಳು.

"ನಿಲ್ಸೋ! ಕಳ್ಳ! ಕೋಳಿಗರಿ!" ಎಂದು ಎತೆಲ್ಕ ಕೂಗಿದಳು.

ಸರದಿಯಲ್ಲಿ ನಿಂತಿದ್ದ ಹೆಂಗಸರೆಲ್ಲ ಸುತ್ತುಗಟ್ಟಿದರು. ಕಾಲ್ಮಾನ್ ಯಂತ್ರ ನಿಲ್ಲಿಸಿ ಬಾಗಿಲು ತೆರೆದ.

"ಅಮ್ಮಾ, ಒಳಗೆ ತಲೆ ಹಾಕಿ ನೋಡಿದೋರು ಯಾರು?"

"ನಾನೇ."

"ಖಾಲಿ ಇತ್ತೋ ಇಲ್ವೋ?"

ಖಾಲಿಯೇ ಇತ್ತು. ಎತೆಲ್ಕ ಮಣೆ ಬಿಟ್ಟು ಎದ್ದಿರಲಿಲ್ಲ, ಕಣ್ಣು ಮಿಟುಕಿಸಿರಲಿಲ್ಲ. ನೀಲಿ ತುಪ್ಪುಳವೂ ಅವಳದೇ. ತನ್ನ ಅನುಮಾನವೇ ಈಗ ಅವನ ಕಡೆಗೆ ಸಾಕ್ಷಿ ಹೇಳುತ್ತಿತ್ತು. ಆ ಗರಿಗಳು ಮೊದಲಿನಿಂದಲೂ ದಿಂಬಿನ ನಡುವೆ ಇದ್ದವು. ಹಾಗಾದರೆ ಸುಳ್ಳು ಹೇಳಿದವಳು ಅವ್ವ.

ಗುಂಪಿನಲ್ಲಿ ಎಂಬತ್ತು ದಾಟಿದ ಬೊರ್ಬಾಲ ಇದ್ದಳು. ಎತೆಲ್ಕಳ ತವರಿನ ಪಕ್ಕದ ಮನೆಯವಳು. ಕೋಲೂರಿಕೊಂಡು ಮುಂದೆ ಬಂದು ಒಂದು ಪಟ್ಟೆ ಗರಿಯನ್ನು ಎತ್ತಿ ನೋಡಿದಳು.

"ಇದು ನಮ್ಮ ಕೋಳಿದು ಕಣೆ. ನಿಮ್ಮವ್ವ ಬಂದು ಕೇಳಿ ಇಸ್ಕೊಂಡಿದ್ಲು."

"ಏನಂದ್ರಿ ಅಕ್ಕಾ?"

"ನಿನಗೆ ಏಳು ವರ್ಷ. ಗಂಟಲು ಬೇನೆ ಬಂದಿತ್ತು. ನಿನ್ನ ತಮ್ಮಂದಿರು ಇಬ್ಬರೂ ಅದೇ ಬೇನೇಲಿ ಒಂದೇ ವಾರದಲ್ಲಿ ಹೋಗಿದ್ರು. ನಿಮ್ಮನೇಲಿ ಹೆಬ್ಬಾತಿತ್ತು, ಕೋಳಿ ಇರ್ಲಿಲ್ಲ. ನಿಮ್ಮವ್ವ ಬರಿಗಾಲಲ್ಲಿ ಓಡಿ ಬಂದು ಕೋಳಿಗರಿ ಕೊಡು ಅಂದ್ಲು. ನನಗೆ ಮೈ ಜುಮ್ಮಂತು. 'ಹುಚ್ಚೀ, ಕೋಳಿಗರಿ ಮೇಲೆ ಮಲಗಿಸಿದ್ರೆ ಮಗು ಜೀವ ಹೋಗಲ್ಲ ಕಣೆ' ಅಂದೆ."

"ಅದಕ್ಕೆ?"

"'ಹೋಗ್ಬಾರ್ದು ಅಂತಾನೇ ಕೇಳ್ತಿದೀನಿ' ಅಂದ್ಲು."

ಕಾಲ್ಮಾನ್ ಹುಬ್ಬಿನ ತುಪ್ಪುಳ ಒರೆಸಿಕೊಂಡ.

"ನಿನ್ನ ಮದುವೆ ಹೊತ್ತಿಗೆ ಅದೇ ದಿಂಬಿಗೆ ಸುತ್ತ ತುಪ್ಪುಳ ತುಂಬಿ ದೊಡ್ಡದು ಮಾಡಿದ್ಲು," ಬೊರ್ಬಾಲ ಮುಂದುವರಿಸಿದಳು. " ದಂಟಿಂದ ತುಪ್ಪುಳ ಬಿಡಿಸೋಕೆ ಕೂತಿದ್ದ ನಮಗೆಲ್ಲ ಆಣೆ ಹಾಕಿಸಿದ್ಲು, ಬೀಗರ ಕಿವಿಗೆ ಬೀಳಬಾರ್ದು ಅಂತ."

"ಇದನ್ನ ನೀವು ಈಗ ಕಟ್ಟಿ ಹೇಳ್ತಿಲ್ಲ ತಾನೆ?" ಎತೆಲ್ಕ ಕೇಳಿದಳು. ಧ್ವನಿಯಲ್ಲಿ ಮೊದಲಿನ ಬಲವಿರಲಿಲ್ಲ.

"ಅಯ್ಯೋ ನಿನ್ನ! ಬದುಕಿ ಕೂತು ಕೇಳ್ತಿದೀಯಲ್ಲ, ಸಾಲದಾ?"

ಕಾಲ್ಮಾನ್ ಯಂತ್ರದೊಳಗೆ ಕೈ ಹಾಕಿದ. "ಪಟ್ಟೆ ಗರಿ ಆರಿಸಿ ತೆಗೆದುಬಿಡ್ಲಾ ಅಮ್ಮಾ?"

"ಮುಟ್ಟಿದ್ರೆ ನೋಡು! ಮೊದಲು ಅವನ್ನೇ ತುಂಬು. ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಸಾಕಾಗೋಷ್ಟು ತುಪ್ಪುಳ. ಮಿಕ್ಕಿದ್ದು ಬೇರೆ ಗವಸಿಗೆ."

ಹೊಸ ದಿಂಬು ತಗ್ಗಾಗಿತ್ತು. ಗರಿಯ ದಂಟುಗಳಿಂದ ಸ್ವಲ್ಪ ಗಟ್ಟಿಯಾಗಿಯೂ ಇತ್ತು, ವೈದ್ಯರು ಹೇಳಿದ ಹಾಗೆಯೇ. ಎರಡು ವಾರದೊಳಗೆ ಎತೆಲ್ಕಳ ಕತ್ತು ಎರಡೂ ಕಡೆಗೆ ತಿರುಗತೊಡಗಿತು. ಬೀದಿಯ ಎರಡೂ ಬದಿಯ ಮನೆಗಳ ಮೇಲೆ ಕಣ್ಣಿಡಲು ಅನುಕೂಲವಾಯಿತೆಂದು ಅಂಬ್ರುಶ್ ಎಲ್ಲರಿಗೂ ಹೇಳಿಕೊಂಡು ಬಂದ.

ಮಿಕ್ಕ ತುಪ್ಪುಳದ ದಿಂಬು ಅವನದಾಯಿತು. ಹಿಂದಿನ ಚಳಿಗಾಲದಲ್ಲಿ ಅವನಿಗೆ ಎದೆನೋವು ಬಂದು ಹತ್ತು ದಿನ ಆಸ್ಪತ್ರೆಯಲ್ಲಿದ್ದ. ಹೊಸ ದಿಂಬಿನ ಮೇಲೆ ಮಲಗಿ ಎದ್ದ ಮೊದಲ ಬೆಳಗ್ಗೆ ಅವನು ಕೆನ್ನೆ ಕೆರೆದುಕೊಂಡ.

"ಏನೋ ಚುಚ್ಚುತ್ತಲ್ಲೇ ಇದರಲ್ಲಿ? ಅಪ್ಪಟ ತುಪ್ಪುಳ ಅಂದಿದ್ದೆ?"

ಎತೆಲ್ಕ ಒಲೆಯ ಕಡೆ ತಿರುಗಿ ಹಾಲು ಕಲಕಿದಳು. ಹಿಂದಿನ ದಿನವಷ್ಟೇ ಬೊರ್ಬಾಲಳ ಕೋಳಿಗೂಡಿನಿಂದ ಒಂದು ಹಿಡಿ ಗರಿ ತಂದು ತೊಳೆದಿದ್ದ ಬಟ್ಟಲು ಇನ್ನೂ ಕಿಟಕಿಯ ಕಟ್ಟೆಯ ಮೇಲಿತ್ತು. ಅದನ್ನು ಮೊಣಕೈಯಿಂದ ಪರದೆಯ ಹಿಂದಕ್ಕೆ ಸರಿಸಿದಳು.

"ಅಪ್ಪಟ ಹೆಬ್ಬಾತೇ. ನಿಮಗೆ ಎಲ್ಲದರಲ್ಲೂ ಅನುಮಾನ," ಎಂದಳು. "ಆ ಹೊಲಿಗೆ ಮಾತ್ರ ಬಿಚ್ಚಬೇಡಿ."