ಪುಂಡಿ ನಾರಿನ ಕಾವು

ವೈನಿ, ಆ ಗುದ್ದಲಿಯನ್ನು ಮಳೆಯಲ್ಲಿ ಬಿಟ್ಟವರು ನೀವಲ್ಲ. ಅದರ ಕಾವು ಮುರಿದದ್ದು ನನ್ನ ತಪ್ಪಿನಿಂದ — ಮುರಿದ ಕ್ಷಣದಲ್ಲೇ ಅದು ನನಗೆ ಗೊತ್ತಿತ್ತು. ಅಣ್ಣನನ್ನು ಮದುವೆಯಾಗಿ ಬಂದ ದಿನದಿಂದ ನನ್ನನ್ನು ಮಗನಂತೆ ಕಂಡಿರಿ. ನಾನು ಮೂರು ವರ್ಷ ಬಾಯಿ ಮುಚ್ಚಿಕೊಂಡು ನಿಮ್ಮ ಕೈಯ ರೊಟ್ಟಿ ತಿಂದೆ.

ಭುಜದ ಆಪರೇಷನ್ ಆದಮೇಲೆ ನಿಮಗೆ ಭಾರದ ಗುದ್ದಲಿ ಎತ್ತಲಾಗುತ್ತಿರಲಿಲ್ಲ. ಅಮೆರಿಕದ ಈ ಸಮಾಮಿಶ್ ಊರಿನ ಮನೆಯ ಹಿತ್ತಲಲ್ಲಿ ಸುಮ್ಮನೆ ಕೂತಿರುತ್ತಿದ್ದಿರಿ. ನಾನೋ ದಿನವಿಡೀ ನಾರು, ರಾಳ ಬೆರೆಸಿ ವಿಮಾನದ ಭಾಗ ಕಟ್ಟುವ ಇಂಜಿನಿಯರ್ — ಜಂಬ ಬಿಡುತ್ತದೆಯೇ? ನೀವು ಪಲ್ಯಕ್ಕೆಂದು ಬೆಳೆದ ಪುಂಡಿಯ ದಂಟನ್ನೇ ನೀರಲ್ಲಿ ಕೊಳೆಸಿ, ನಾರು ಸುಲಿದು, ರಾಳ ತುಂಬಿ ಕಾವು ಮಾಡಿದೆ. ತುದಿಗೆ ತೆಳ್ಳನೆಯ ಅಲಗು ಕೂರಿಸಿದೆ. "ಯಪ್ಪಾ, ಎಷ್ಟ್ ಹಗುರ ಐತೋ ಇದು!" ಎಂದಿರಿ. ಅವತ್ತೇ ಒಂದು ಮಡಿ ಮೆಂತ್ಯ ಹಾಕಿದಿರಿ.

ಆದರೆ ಅಲಗಿನ ಬೋಲ್ಟಿಗೆಂದು ಕಾವಿನಲ್ಲಿ ಕೊರೆದ ತೂತಿನ ಒಳಗೆ ರಾಳ ಬಳಿಯಬೇಕಿತ್ತು. ಬಳಿಯದಿದ್ದರೆ ನಾರು ಅಲ್ಲಿಂದಲೇ ನೀರು ಹೀರಿ, ಉಬ್ಬಿ, ಬಿರಿಯುತ್ತದೆ. ನಮ್ಮ ಕೆಲಸದ ಮೊದಲ ಪಾಠ ಅದು. ಯುಗಾದಿಗೆ ಬರುವ ನಾಲ್ಕು ಮಂದಿಗೆ ತೋರಿಸುವ ಅವಸರ — ಆಮೇಲೆ ಬಳಿದರಾಯಿತು ಎಂದುಕೊಂಡೆ. ಬಳಿಯಲೇ ಇಲ್ಲ. ಇಲ್ಲಿಯ ಒದ್ದೆ ಮಣ್ಣೇ ಅದಕ್ಕೆ ಸಾಕಾಯಿತು.

ಬೇಸಿಗೆಯಲ್ಲಿ ಅದೇ ಮಂದಿ ಮತ್ತೆ ಊಟಕ್ಕೆ ಬಂದಾಗ ನೀವು ಹೆಮ್ಮೆಯಿಂದ ಅಗೆದು ತೋರಿಸಿದಿರಿ. ಕಾವು ಆ ತೂತಿನ ಹತ್ತಿರವೇ ಲಟಕ್ಕನೆ ಮುರಿಯಿತು. ಎಲ್ಲರೂ ನನ್ನತ್ತ ತಿರುಗಿದರು. ನಾನು ಅಂದೆ —

"ಮಳ್ಯಾಗ ಹೊರಗ ಬಿಟ್ಟಿದ್ರೇನ್ರಿ, ವೈನಿ?"

"ಒಳಗ ಇಟ್ಟಂಗ ನೆನಪೈತಲ್ಲೋ…" ಎಂದಿರಿ. ಆಮೇಲೆ ನಿಮ್ಮ ಮುಖ ಸಣ್ಣದಾಯಿತು. "ಇತ್ತಿತ್ಲಾಗ ಮರವು ಭಾಳ ಆಗೈತಿ ನನಗ."

ನಿಮ್ಮ ತಾಯಿ ಕೊನೆಗೆ ಮಕ್ಕಳ ಗುರುತನ್ನೂ ಮರೆತಿದ್ದರು. ನಿಮಗೂ ಹಾಗೇ ಆದರೆ ಎಂಬ ದಿಗಿಲನ್ನು ನೀವು ನನ್ನೊಬ್ಬನ ಮುಂದೆ ಹೇಳಿಕೊಂಡಿದ್ದಿರಿ. ಅದು ಗೊತ್ತಿದ್ದೂ ನಾನು — ಥೂ, ನನ್ನ ಬಾಯಿಗೆ ಮಣ್ಣು ಬೀಳಲಿ.

ಅಂದಿನಿಂದ ಒಲೆ ಆರಿಸಿದೆನೋ ಇಲ್ಲವೋ ಎಂದು ಎರಡೆರಡು ಸಲ ಎದ್ದು ನೋಡತೊಡಗಿದಿರಿ. ಕೊನೆಗೆ ಕಾರಿನ ಕೀಲಿಯನ್ನು ಅಣ್ಣನ ಕೈಗಿಟ್ಟಿರಿ. "ದಾರಿ ಮರತರ ಏನ್ ಮಾಡ್ಲಿ?" ಕಾರಿಲ್ಲದೆ ಈ ದಿಬ್ಬದ ಮೇಲಿಂದ ಎಲ್ಲಿಗೆ ಹೋದೀರಿ? ಮಗಳು "ಅಮ್ಮಾ, ಯು ಆರ್ ಫೈನ್" ಎಂದು ಗೋಗರೆದರೆ, "ಗುದ್ದಲಿ ಮಳ್ಯಾಗ ಬಿಟ್ಟಿದ್ದು ನೋಡ್ಲಿಲ್ಲೇನ?" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದಿರಿ. ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ಈ ಭಾನುವಾರ ಆ ಮಂದಿ ಮತ್ತೆ ನಿಮ್ಮ ಮನೆಗೆ ಬರುತ್ತಾರೆ. ಮುರಿದ ಕಾವನ್ನು ಅವರೆದುರು ಮೇಜಿನ ಮೇಲಿಟ್ಟು, ಆ ತೂತನ್ನು ತೋರಿಸಿ ಎಲ್ಲವನ್ನೂ ಹೇಳುತ್ತೇನೆ. ಅಣ್ಣ ಬೈಯಲಿ, ನೀವು ಮಾತು ಬಿಡಿ, ಅದು ನನಗೆ ತಕ್ಕದ್ದೇ. ಇಷ್ಟು ದಿನ ನಿಮ್ಮನ್ನೇ ನಂಬದ ನೀವು ಆ ಕೀಲಿಯನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತೀರೋ ಇಲ್ಲವೋ — ನನ್ನ ಹೆದರಿಕೆ ಅದೊಂದೇ.

ಗುದ್ದಲಿ ಒಳಗೇ ಇತ್ತು, ವೈನಿ. ದಿನವೂ ಸಂಜೆ ನೀವು ಅದನ್ನು ಸೆರಗಿನಿಂದ ಒರೆಸಿ ಗ್ಯಾರೇಜಿನ ಗೂಟಕ್ಕೆ ತೂಗುಹಾಕುತ್ತಿದ್ದಿರಿ. ನಾನು ನೋಡಿದ್ದೆ.