ಎತ್ತಿಗೆ ಕರೆದ ಊಟ

ಔರಾದಿಗೆ ಬಂದ ಹನ್ನೊಂದನೆಯ ದಿನ ನನಗೆ ಮೊದಲ ಊಟದ ಕರೆ ಬಂತು. ಸಂಜೆ ಆರು ಗಂಟೆ. ಮನೆಯೊಡತಿ ಮಹಾನಂದಾ ಅಂಗಳದಲ್ಲಿ, "ಇವತ್ತ ಆವತಣ ತೊಗೋರಿ, ನಾಳಿ ಊಟಕ್ಕ ಬರ್ರಿ" ಅಂದರು. ಆವತಣ ಗಡಿಯ ಮರಾಠಿ ಮಾತು, ನಮ್ಮ ಔತಣವೇ.

"ಎಷ್ಟು ಗಂಟೆಗೆ?" ಒಳಗಿನಿಂದಲೇ ಕೇಳಿದೆ. ಹೊರಗೆ ಬಂದರೆ ಆಕೆ ಮುದಿ ಎತ್ತಿನ ಹೆಗಲಿಗೆ ಅರಿಸಿನ, ತುಪ್ಪ ತಿಕ್ಕುತ್ತಿದ್ದರು.

"ಅಕ್ಕಾರ, ನಾ ಎತ್ತಿಗಿ ಕರ್ಲಾಕತ್ತೀನ್ರಿ! ಇರ್ಲಿ, ನೀವೂ ಬರ್ರಿ. ಅವರದ ಆದ ಮ್ಯಾಲ ನಿಮ್ದು."

ಮರುದಿನ ಪೋಳ, ಎತ್ತುಗಳ ಹಬ್ಬ. ಎತ್ತು ಹೋಳಿಗೆ ತಿಂದ ಮೇಲೆ ನಾನು ತಿಂದೆ.

ನನ್ನೂರು ಮಂಡ್ಯದವರೇ, ಸಂಕ್ರಾಂತಿಗೆ ನಾವೂ ಎತ್ತು ತೊಳೆಯುತ್ತೇವೆ, ಬಣ್ಣ ಹಚ್ಚುತ್ತೇವೆ, ಕಿಚ್ಚು ಹಾಯಿಸುತ್ತೇವೆ. ಹಾಯುತ್ತೀಯಾ ಎಂದು ಕೇಳುವುದಿಲ್ಲ. ಇಲ್ಲಿ ಎತ್ತನ್ನೂ ಬಹುವಚನದಲ್ಲಿ ಊಟಕ್ಕೆ ಕರೆಯುತ್ತಾರೆ. ಹಾಸ್ಟೆಲ್ ವಾರ್ಡನ್ ಆಗಿ ಮೂವತ್ತು ವರ್ಷ ಗಂಟೆ ಹೊಡೆದು ಮಕ್ಕಳನ್ನು ಪಂಕ್ತಿಗೆ ಕೂರಿಸಿದೆ. ಒಬ್ಬರಿಗೂ ‘ಬನ್ನಿ’ ಅಂದಿರಲಿಲ್ಲ.

ಈ ತಿಂಗಳು ಬಡಾವಣೆಯವರು ಅರ್ಜಿ ತಂದರು: ಎತ್ತು ದುಡಿಯುವುದಿಲ್ಲ, ಸಗಣಿ ನಾರುತ್ತದೆ, ಇಲ್ಲಿಂದ ಸಾಗಿಸಬೇಕು. ಬಂದ ಹೊಸದರಲ್ಲಿ ಸಗಣಿಯ ಬಗ್ಗೆ ದೂರಿದ್ದವಳು ನಾನೇ. ಹಾಗಾಗಿ ಮೊದಲು ನನ್ನ ಬಾಗಿಲಿಗೇ ಬಂದರು.

ಮಹಾನಂದಾ ತಲೆ ತಗ್ಗಿಸಿ ನಿಂತಿದ್ದರು. "ಹೊಲ ಸೈಟಿಗಿ ಹೋಗ್ಯಾದ. ಇವರಿಗಿ ಎಲ್ಲಿ ಕಟ್ಲಿರಿ?"

"ನಿಮ್ಮ ಸಹಿ ಮೊದಲ ಇರ್ಲಿ ಮೇಡಂ," ಅಂದರು ಮುಂದಾಳು.

"ಹಾಕಲ್ಲ. ಬೆಳಿಗ್ಗೆ ಐದೂವರೆಗೆ, ಸಂಜೆ ಐದಕ್ಕೆ ಸಗಣಿ ಬಾಚೋದು ಅಂತ ನಾನೂ ಇವರೂ ನಿಗದಿ ಮಾಡ್ಕೊಂಡಿದ್ದೀವಿ. ಒಂದು ದಿನ ತಪ್ಪಿದರೆ ಬಂದು ಕೇಳಿ."

"ನೀವ್ ಹೊರಗಿನವ್ರು. ನಿಮಗ್ಯಾಕ್ರಿ ಈ ಉಸಾಬರಿ?"

"ನಾನು ಹೊರಗಿನವಳೇ. ಎತ್ತು ಹೊರಗಿನದಲ್ಲವಲ್ಲ! ನಿಮ್ಮ ಸೈಟುಗಳು ಹೊಲವಾಗಿದ್ದಾಗ ಉತ್ತಿದ್ದು ಅದೇ."

ಯಾರೋ ಹಿಂದೆ ಕಿಸಕ್ಕೆಂದರು. ಮುಂದಾಳು ನಗಲಿಲ್ಲ.

ಎತ್ತು ಇಂದಿಗೂ ಅಂಗಳದಲ್ಲೇ ಇದೆ. ನಿನ್ನೆ ಎರಡನೆಯ ಅರ್ಜಿಯ ಪ್ರತಿ ನನ್ನ ಕೈಸೇರಿತು: ‘ಸದರಿ ಎತ್ತನ್ನೂ ಅದನ್ನು ಬೆಂಬಲಿಸುವ ಬಾಡಿಗೆದಾರರನ್ನೂ ತೆರವುಗೊಳಿಸಬೇಕು.’ ನನ್ನ ಹೆಸರಿನ ಮುಂದೆ ‘ಊರು: ಮಂಡ್ಯ’ ಎಂದಿತ್ತು. ಹೊಡೆದುಹಾಕಲು ಪೆನ್ನು ಇಟ್ಟೆ, ಕೈ ಬರಲಿಲ್ಲ. ಪಕ್ಕದಲ್ಲಿ ‘ಮತ್ತು ಔರಾದ್’ ಎಂದು ಸೇರಿಸಿ, ಆ ತಿದ್ದುಪಡಿಗೆ ಮಾತ್ರ ಸಹಿ ಹಾಕಿ ಕಾಗದ ವಾಪಸು ಕಳುಹಿಸಿದೆ.