ಕೆಂಪು ಧೂಳಿನಡಿಯ ನಂಬರು

2007ರಲ್ಲಿ ನಾನು ಹೊಸಪೇಟೆಯಲ್ಲಿ ಗೃಹರಕ್ಷಕ. ಸಂಡೂರು ರಸ್ತೆಯ ವೃತ್ತವೊಂದರಲ್ಲಿ ಟ್ರಾಫಿಕ್ ಡ್ಯೂಟಿ. ಓದಿದ್ದು ಆರನೇ ಕ್ಲಾಸು. ಗೃಹರಕ್ಷಕನಿಗೆ ದಂಡ ಬರೆಯುವ ಅಧಿಕಾರವಿಲ್ಲ. ಸೀಟಿ ಊದಬಹುದು, ಕೈ ಎತ್ತಬಹುದು, ಅಷ್ಟೇ. ಆದರೆ ಡ್ಯೂಟಿಗೆ ಒಂದು ದಿನವೂ ತಡವಾಗಿ ಹೋದವನಲ್ಲ ನಾನು.

ಆಗ ಅದಿರಿನ ಲಾರಿಗಳು ಬೆಳಗಿನಿಂದಲೇ ಸಾಲುಗಟ್ಟುತ್ತಿದ್ದವು. ಗಣಿಯ ಕೆಂಪು ಧೂಳು ಲಾರಿಯ ಮೈಮೇಲೆಲ್ಲ, ನಂಬರ್ ಪ್ಲೇಟಿನ ಮೇಲೂ ದಪ್ಪಗೆ ಕೂತಿರುತ್ತಿತ್ತು. ಡ್ರೈವರುಗಳು ಬೇಕೆಂದೇ ಒರೆಸುತ್ತಿರಲಿಲ್ಲ. ಹೀಗಾಗಿ ತಪ್ಪು ಯಾರೇ ಮಾಡಲಿ, ಕೇಸು ಬೀಳುತ್ತಿದ್ದುದು ನಂಬರು ಕಾಣುವ ಸ್ಕೂಟರಿನವರಿಗೆ.

ಒಂದು ಬೆಳಿಗ್ಗೆ ಕಮಲಾಪುರದಿಂದ ಬಾಳೆಹಣ್ಣು ಮಾರಲು ಬಂದ ಹುಲಿಗೆಮ್ಮನಿಗೆ ಲಾರಿ ತಾಗಿ ಕಾಲು ಮುರಿಯಿತು. ಲಾರಿ ನಿಲ್ಲಲಿಲ್ಲ. ನಮ್ಮ ಸಬ್ ಇನ್ಸ್‌ಪೆಕ್ಟರ್ ನಂಬರ್ ಕೇಳಿದರು.

"ಕೆಂಪು ಲಾರಿ ರೀ ಸಾಹೇಬ್ರ."

"ಎಲ್ಲಾವೂ ಕೆಂಪೇ ಅದಾವಲ್ಲಮ್ಮ!"

ಹತ್ತು ಮಾರು ದೂರದಲ್ಲಿದ್ದ ನನಗೂ ಒಂದಂಕಿಯೂ ಓದಲಾಗಿರಲಿಲ್ಲ. ಅಂದು ಊಟ ಸೇರಲಿಲ್ಲ.

ಮರುದಿನ ಸಾಹೇಬರನ್ನು ಕೇಳಿ, ವೃತ್ತದ ಪಕ್ಕ ನೀರಿನ ಡ್ರಮ್ಮು, ಗೋಣಿತಾಟಿನ ತುಂಡುಗಳನ್ನು ಇಟ್ಟೆ. ನಂಬರು ಕಾಣದ ಗಾಡಿ ಒರೆಸಿಕೊಂಡೇ ಮುಂದೆ ಹೋಗಬೇಕು.

"ಲಾರಿಗೆ ಜಳಕ ಮಾಡ್ಸಾಕ ನಿಂತೀರೇನು? ಹಂಗಾರ ಸೋಪೂ ಇಡ್ರಿ!" ಎಂದು ಡ್ರೈವರುಗಳು ನಕ್ಕರು. ನಗುತ್ತಲೇ ಒರೆಸಿದರು.

ಮೂರನೇ ದಿನ ಬಾಷಾ ಎಂಬ ಡ್ರೈವರು ಇಳಿಯಲೇ ಇಲ್ಲ. "ನಿಮ್ ರೂಲು ನಮ್ಮಂಥೋರಿಗಷ್ಟ ಏನ್ರಿ? ಹಿಂದ ನೋಡ್ರಿ, ನಿಮ್ ಸಾಹೇಬ್ರ ಜೀಪು. ತಾಕತ್ತಿದ್ರ ಅದನ್ನ ನಿಲ್ಲಸ್ರಿ!"

ಸಂಡೂರಿನಿಂದ ಬರುತ್ತಿದ್ದ ಜೀಪಿನ ನಂಬರೂ ಧೂಳಿನಡಿ ಮುಚ್ಚಿತ್ತು. ಸಾಹೇಬರು ಒಂದು ಮಾತು ಹೇಳಿದರೆ ನಾಳೆಯಿಂದ ನನಗೆ ಡ್ಯೂಟಿಯಿಲ್ಲ. ಜೀಪನ್ನು ಬಿಟ್ಟರೆ ಆ ಗಳಿಗೆಯಿಂದ ಗೋಣಿತಾಟು ಮುಟ್ಟುವವರಿಲ್ಲ. ಕೈ ಎತ್ತಿದೆ.

"ಯಾಕಪಾ, ನನ್ ಗುರ್ತ ಸಿಗಲಿಲ್ಲೇನು?"

"ನಿಮ್ ಗುರ್ತ ಐತ್ರಿ ಸಾರ್. ಜೀಪಿನ ಗುರ್ತ ಸಿಗವಲ್ದು."

ಹಾರನ್ನುಗಳೆಲ್ಲ ನಿಂತವು. ಸಾಹೇಬರು ಸಾಲಿನಲ್ಲಿದ್ದ ಲಾರಿಗಳನ್ನೂ ನನ್ನನ್ನೂ ನೋಡಿ, ತಮ್ಮ ಡ್ರೈವರಿಗೆ, "ಇಳೀಲೇ, ಒರಸು" ಎಂದರು. ಹೊರಡುವಾಗ ನನಗೆ, "ನಾಳೆ ಸ್ಟೇಷನ್ನಿಗೆ ಬಾ."

ಬಾಷಾ ಆಗಲೇ ಇಳಿದು ಪ್ಲೇಟು ಉಜ್ಜುತ್ತಿದ್ದ.

ಮರುದಿನ ಸ್ಟೇಷನ್ನಿಗೆ ಹೋದೆ. ಸಾಹೇಬರು ತಲೆಯೆತ್ತದೆ ಹೇಳಿದರು: "ಕಂಪ್ಲಿ ರಸ್ತ್ಯಾಗೂ ಒಂದು ಡ್ರಮ್ ಇಡಸು. ಅಲ್ಲಿರೋರಿಗೆ ಹೆಂಗ ನಿಲ್ಲಸ್ಬೇಕಂತ ನೀನ ಹೇಳಿಕೊಡು."

ಕೆಲವು ವಾರಗಳ ನಂತರ ನಮ್ಮ ವೃತ್ತದಲ್ಲೇ ಟಿಪ್ಪರೊಂದು ಸೈಕಲ್ ಸವಾರನಿಗೆ ತಾಗಿತು. ಚಹದಂಗಡಿಯ ಮುಂದಿದ್ದವರು ಒಕ್ಕೊರಲಿನಿಂದ ಅದರ ನಂಬರು ಕೂಗಿದರು. ಟಿಪ್ಪರು ನಿಂತಿತು. ಡ್ರೈವರು ತಾನೇ ಇಳಿದು ಓಡಿ ಬಂದು ಗಾಯಾಳುವನ್ನು ಎತ್ತಿ, ಅದೇ ಟಿಪ್ಪರಿನಲ್ಲಿ ಆಸ್ಪತ್ರೆಗೆ ಒಯ್ದ. ಸವಾರ ಬದುಕಿದ.

ಹೆಚ್ಚು ಓದದ ನನಗೆ ರಸ್ತೆ ಕಲಿಸಿದ್ದು ಇಷ್ಟು: ಸ್ಕೂಟರಿಗೆ ಎತ್ತಿದ ಕೈಯನ್ನು ಜೀಪಿಗೂ ಎತ್ತಬೇಕು. ಎತ್ತಿದವನು ನಾನು ಎಂದು ಇವತ್ತಿಗೂ ತಲೆಯೆತ್ತಿ ಹೇಳುತ್ತೇನೆ.